ಲೆಕ್ಕಶಾಸ್ತ್ರದ ಓದು ಮತ್ತು ಉದ್ಯೋಗ: ಒಂದು ಫ್ರಿಡ್ಜಿನ ಬಿಲ್ಲಿನಿಂದ

ಮುಂಬಯಿಯ ಕನ್ನಡಿಗರಿಗೆ ಲೆಕ್ಕಪತ್ರದ ಕೆಲಸ ಹೊಸದಲ್ಲ. ಹಗಲು ಹೋಟೆಲುಗಳಲ್ಲಿ ದುಡಿದು, ರಾತ್ರಿ ಶಾಲೆಗಳಲ್ಲಿ ಕಲಿತು, ಬಳಿಕ ಫೋರ್ಟಿನ ಕಚೇರಿಗಳಲ್ಲಿ ಲೆಕ್ಕ ಬರೆಯುವ ಗುಮಾಸ್ತರಾದ ಹಿರಿಯರು ನಮ್ಮಲ್ಲಿ ಅನೇಕ ಮನೆಗಳಲ್ಲಿದ್ದಾರೆ. ಅವರ ಕಾಲದಲ್ಲಿ ದಿನವಹಿಯನ್ನು ತಪ್ಪಿಲ್ಲದೆ ಬರೆದು ಖರ್ಚು-ಜಮೆಗಳ ಮೊತ್ತ ಸಮವೇ ಎಂದು ನೋಡುವ ತಾಳೆಪಟ್ಟಿಯನ್ನು ಹೊಂದಿಸುವುದೇ ಒಂದು ಜೀವನೋಪಾಯವಾಗಿತ್ತು. ಇಂದು ನಮೂದಿಸುವ ಕೆಲಸದ ಬಹುಭಾಗವನ್ನು ತಂತ್ರಾಂಶವೇ ಮಾಡುತ್ತಿರುವುದರಿಂದ, ಆ ನಮೂದು ಸರಿಯೇ ಎಂದು ನಿರ್ಣಯಿಸಬಲ್ಲವರಿಗೆ ಮಾತ್ರ ಈ ವೃತ್ತಿಯಲ್ಲಿ ನೆಲೆ ಇದೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ಆರ್ಟಿಕಲ್‌ಶಿಪ್‌ಗೆ (ಚಾರ್ಟರ್ಡ್ ಅಕೌಂಟೆಂಟ್ ಆಗಲು ಕಚೇರಿಯಲ್ಲಿ ಪಡೆಯುವ ತರಬೇತಿಗೆ) ಸೇರಲಿರುವ ಸಹಪಾಠಿಗಳಿಗಾಗಿ ಅದನ್ನು ಒಂದು ಉದಾಹರಣೆಯ ಮೂಲಕ ವಿವರಿಸುತ್ತೇನೆ.

ಮಾಟುಂಗಾದ ಒಂದು ಉಪಾಹಾರ ಗೃಹವು 50,000 ರೂಪಾಯಿ ಬೆಲೆಯ ಫ್ರಿಡ್ಜನ್ನು ಕೊಂಡಿತೆಂದು ಭಾವಿಸೋಣ. ಅದರ ಮೇಲೆ ಶೇ. 18ರಂತೆ ಜಿಎಸ್‌ಟಿ 9,000 ರೂಪಾಯಿ. ಒಟ್ಟು ಬಿಲ್ಲು 59,000 ರೂಪಾಯಿ. ಮಾರಿದವನು ತನ್ನ ರಿಟರ್ನ್ ಸಲ್ಲಿಸಿದ ಮೇಲೆ ಈ ಬಿಲ್ಲು ಹೋಟೆಲಿನ ಜಿಎಸ್‌ಟಿಆರ್-2ಬಿ ಪಟ್ಟಿಯಲ್ಲಿ ತಾನಾಗಿ ಕಾಣಿಸಿಕೊಳ್ಳುತ್ತದೆ, ತಂತ್ರಾಂಶವು ಅದನ್ನು ಎಳೆದುಕೊಂಡು 50,000 ರೂಪಾಯಿಯನ್ನು ಆಸ್ತಿಯ ಖಾತೆಗೂ 9,000 ರೂಪಾಯಿಯನ್ನು ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ (ಕೊಂಡಾಗ ಕೊಟ್ಟ ತೆರಿಗೆಯನ್ನು ತಾನು ಕಟ್ಟಬೇಕಾದ ತೆರಿಗೆಯಲ್ಲಿ ಕಳೆದುಕೊಳ್ಳುವ ಸೌಲಭ್ಯ) ಖಾತೆಗೂ ಹಾಕುತ್ತದೆ. ಖರ್ಚು-ಜಮೆ ಸಮವಾಗಿರುತ್ತದೆ, ತಾಳೆಪಟ್ಟಿಯೂ ಹೊಂದುತ್ತದೆ. ಆದರೂ ನಮೂದು ತಪ್ಪು. ಏಕೆಂದರೆ ಶೇ. 5ರ ದರದಲ್ಲಿ ತೆರಿಗೆ ಕಟ್ಟುವ ಉಪಾಹಾರ ಗೃಹಕ್ಕೆ ತಾನು ಕೊಂಡ ವಸ್ತುಗಳ ಮೇಲಿನ ತೆರಿಗೆಯನ್ನು ಕ್ರೆಡಿಟ್ ಆಗಿ ಪಡೆಯುವ ಹಕ್ಕಿಲ್ಲ. 2017ರ ನವೆಂಬರಿನಿಂದ ನಿಯಮ ಹಾಗಿದೆ. ಮರಳಿ ಬಾರದ ತೆರಿಗೆಯು ಆಸ್ತಿಯ ವೆಚ್ಚಕ್ಕೇ ಸೇರಬೇಕು, ಅಂದರೆ ಫ್ರಿಡ್ಜಿನ ಬೆಲೆ ಪುಸ್ತಕದಲ್ಲಿ 59,000 ರೂಪಾಯಿ ಆಗಬೇಕು.

ಈ ಒಂದು ತಪ್ಪು ಎಲ್ಲೆಲ್ಲಿಗೆ ಹರಡುತ್ತದೆ ಎಂಬುದನ್ನು ಗಮನಿಸಬೇಕು. ಆಸ್ತಿ 9,000 ರೂಪಾಯಿ ಕಡಿಮೆ ಕಾಣುತ್ತದೆ, ಎಂದೂ ಕೈಸೇರದ ಅಷ್ಟೇ ಮೊತ್ತವು ಸರ್ಕಾರದಿಂದ ಬರಬೇಕಾದ ಬಾಕಿಯಂತೆ ಕಾಣುತ್ತದೆ, ಶೇ. 15ರ ದರದಲ್ಲಿ ಆದಾಯ ತೆರಿಗೆಯ ಸವಕಳಿಯು (ಆಸ್ತಿ ಸವೆಯುವುದಕ್ಕೆಂದು ವರ್ಷವರ್ಷ ಕಳೆಯುವ ಮೊತ್ತ) 8,850 ರೂಪಾಯಿಯ ಬದಲು 7,500 ರೂಪಾಯಿ ಆಗುತ್ತದೆ; ಮಾಲೀಕರು ಆ ಕ್ರೆಡಿಟ್ಟನ್ನು ಬಳಸಿಬಿಟ್ಟರೆ ಮುಂದೆ ಬಡ್ಡಿಸಮೇತ ಕಟ್ಟಬೇಕಾಗುತ್ತದೆ. ಪಟ್ಟಿಯಲ್ಲಿ ಬಿಲ್ಲು ಬಂದಿದೆ ಎಂಬುದು ಬೇರೆ, ಕ್ರೆಡಿಟ್ ಪಡೆಯುವ ಅರ್ಹತೆ ಬೇರೆ. ಗಿರಾಕಿಯ ವ್ಯಾಪಾರದ ಸ್ವರೂಪವನ್ನು ತಿಳಿದವನು ಮಾತ್ರ ಈ ಎರಡನ್ನು ಬೇರ್ಪಡಿಸಿ ನೋಡಬಲ್ಲ.

ಬ್ಯಾಂಕುಗಳಲ್ಲಿಯೂ ಸ್ಥಿತಿ ಇದೇ. ಸಾಲದ ಖಾತೆಗಳನ್ನು ವಸೂಲಾಗದ ಸಾಲವೆಂದು ವರ್ಗೀಕರಿಸುವ ಕೆಲಸವನ್ನು 2021ರ ಜೂನ್ 30ರೊಳಗೆ ಯಂತ್ರಕ್ಕೆ ವಹಿಸಬೇಕೆಂದು ರಿಸರ್ವ್ ಬ್ಯಾಂಕ್ ಸೂಚಿಸಿತ್ತು. ಆದರೂ ಏಪ್ರಿಲ್ ತಿಂಗಳಲ್ಲಿ ಶಾಖೆಗಳ ಆಡಿಟ್‌ಗೆ ಹೋಗುವ ನಾವು, ಕ್ಯಾಶ್ ಕ್ರೆಡಿಟ್ (ದಾಸ್ತಾನಿನ ಆಧಾರದ ಮೇಲೆ ಕೊಡುವ ಸಾಲ) ಪಡೆದ ಸಾಲಗಾರನು ಕೊಟ್ಟಿರುವ ದಾಸ್ತಾನಿನ ಪಟ್ಟಿ ಮೂರು ತಿಂಗಳಿಗಿಂತ ಹಳೆಯದೇ ಎಂದು ಕಡತವನ್ನು ತೆರೆದೇ ನೋಡಬೇಕಾಗುತ್ತದೆ. ಕಂಪನಿಗಳ ವಿಷಯದಲ್ಲಿ 2023ರ ಏಪ್ರಿಲ್ 1ರಿಂದ ಇನ್ನೊಂದು ಕರ್ತವ್ಯ ಸೇರಿದೆ: ಪ್ರತಿ ತಿದ್ದುಪಡಿಯ ಜಾಡನ್ನು ದಿನಾಂಕಸಹಿತ ಉಳಿಸುವ ತಂತ್ರಾಂಶವನ್ನೇ ಅವು ಬಳಸಬೇಕು, ಆ ಸೌಲಭ್ಯವು ವರ್ಷವಿಡೀ ಚಾಲನೆಯಲ್ಲಿತ್ತೇ ಎಂಬುದನ್ನು ಲೆಕ್ಕಪರಿಶೋಧಕರು ವರದಿಯಲ್ಲಿ ಹೇಳಬೇಕು.

ಶಿಕ್ಷಣ ಕ್ರಮವೂ ಬದಲಾಗಿದೆ. 1949ರ ಕಾಯ್ದೆಯಡಿ ಸ್ಥಾಪನೆಯಾದ ಚಾರ್ಟರ್ಡ್ ಅಕೌಂಟೆಂಟ್ಸ್ ಸಂಸ್ಥೆಯು 2023ರ ಜುಲೈ 1ರಿಂದ ಜಾರಿಗೆ ತಂದ ಹೊಸ ಯೋಜನೆಯಲ್ಲಿ ಆರ್ಟಿಕಲ್‌ಶಿಪ್ ಮೂರು ವರ್ಷದಿಂದ ಎರಡು ವರ್ಷಕ್ಕೆ ಇಳಿದಿದೆ, ಇಂಟರ್‌ಮೀಡಿಯೆಟ್ ಮತ್ತು ಫೈನಲ್ ಎರಡರಲ್ಲೂ ಎಂಟರ ಬದಲು ಆರು ಪತ್ರಿಕೆಗಳಿವೆ, ಶೇ. 30ರಷ್ಟು ಅಂಕಗಳು ಬಹು ಆಯ್ಕೆಯ ಪ್ರಶ್ನೆಗಳಿಗಿವೆ, ಅವುಗಳಲ್ಲಿ ಸಂದರ್ಭವನ್ನು ಕೊಟ್ಟು ತೀರ್ಮಾನ ಕೇಳುವಂಥವೂ ಇರುತ್ತವೆ. ಪತ್ರಿಕೆಗಳು ಕಡಿಮೆಯಾದುದಕ್ಕೆ ಅನೇಕರು ಸಂತೋಷಪಡುತ್ತಾರೆ. ನನಗೆ ಮಾತ್ರ ಕಳೆದುಹೋದ ಆ ಒಂದು ವರ್ಷದ ಬಗ್ಗೆ ಕಳವಳವಿದೆ, ಏಕೆಂದರೆ ಮೇಲಿನ ಫ್ರಿಡ್ಜಿನಂತಹ ತಪ್ಪನ್ನು ಗುರುತಿಸುವ ಕಣ್ಣು ಪುಸ್ತಕಕ್ಕಿಂತ ಹೆಚ್ಚಾಗಿ ಗಿರಾಕಿಯ ಅಂಗಡಿಯಲ್ಲಿ ಕುಳಿತು ಬಿಲ್ಲುಗಳನ್ನು ಒಂದೊಂದಾಗಿ ತಿರುವಿದಾಗ ಬರುತ್ತದೆ. ಆದ್ದರಿಂದ ಕಚೇರಿಯನ್ನು ಆರಿಸುವಾಗ ಸ್ಟೈಪೆಂಡಿನ ಮೊತ್ತಕ್ಕಿಂತ ಮೊದಲು, ಅಲ್ಲಿ ಎಷ್ಟು ಬಗೆಯ ವ್ಯಾಪಾರಗಳ ಪುಸ್ತಕಗಳು ನಮ್ಮ ಕೈಗೆ ಬರುತ್ತವೆ ಎಂಬುದನ್ನು ವಿಚಾರಿಸಿಕೊಳ್ಳಬೇಕು.

ಅಭ್ಯಾಸಕ್ಕಾಗಿ ಒಂದು ಪ್ರಶ್ನೆ: ಅದೇ ಫ್ರಿಡ್ಜನ್ನು, ಅದೇ ಬೆಲೆಗೆ, ತಂಪು ಪಾನೀಯಗಳ ಸಗಟು ವ್ಯಾಪಾರಿಯೊಬ್ಬನು ತನ್ನ ಗೋದಾಮಿಗಾಗಿ ಕೊಂಡಿದ್ದಾನೆ, ಮತ್ತು ತನ್ನ ಮಾರಾಟದ ಮೇಲೆ ಪೂರ್ಣ ದರದ ಜಿಎಸ್‌ಟಿ ಕಟ್ಟುತ್ತಾನೆ. ಈಗ ತಂತ್ರಾಂಶದ ನಮೂದನ್ನು ತಿದ್ದಬೇಕೇ? ಆಸ್ತಿಯ ವೆಚ್ಚ, ಕ್ರೆಡಿಟ್, ಮೊದಲ ವರ್ಷದ ಸವಕಳಿ ಈ ಮೂರನ್ನೂ ಕಾರಣಸಹಿತ ಬರೆಯಿರಿ.