ಹಾರ್ಡ್‌ವೈರ್ ಕಿಟ್: ಕೀ ತೆಗೆದ ಮೇಲೂ ಡ್ಯಾಶ್‌ಕ್ಯಾಮ್ ಓಡಬೇಕಾದರೆ

ಡ್ಯಾಶ್‌ಕ್ಯಾಮ್, ಅಂದರೆ ಕಾರಿನ ಮುಂದಿನ ಗಾಜಿನ ಹತ್ತಿರ ಕೂತು ರಸ್ತೆಯನ್ನು ರೆಕಾರ್ಡ್ ಮಾಡುವ ಕ್ಯಾಮೆರಾ, ಕೊಳ್ಳುವವರಲ್ಲಿ ಬಹಳ ಜನರ ಲೆಕ್ಕ ಒಂದೇ. ಗಾಡಿ ನಿಲ್ಲಿಸಿ ಹೋದಾಗ ಯಾರಾದರೂ ಗುದ್ದಿದರೆ, ಗೀಚಿದರೆ ಅದೂ ರೆಕಾರ್ಡ್ ಆಗಲಿ ಅಂತ. ಡಬ್ಬದ ಮೇಲೂ ‘ಪಾರ್ಕಿಂಗ್ ಮೋಡ್’ ಅಂತ ದೊಡ್ಡದಾಗಿ ಬರೆದಿರುತ್ತದೆ. ಆದರೆ ಕ್ಯಾಮೆರಾ ಜೊತೆ ಬಂದ ಚಾರ್ಜರನ್ನು ಲೈಟರ್ ಸಾಕೆಟ್‌ಗೆ ಚುಚ್ಚಿದರೆ ಆ ಕೆಲಸ ಸಾಮಾನ್ಯವಾಗಿ ಆಗುವುದಿಲ್ಲ. ನಮ್ಮಲ್ಲಿನ ಹೆಚ್ಚಿನ ಕಾರುಗಳಲ್ಲಿ ಕೀ ತೆಗೆದ ಕೂಡಲೇ ಆ ಸಾಕೆಟ್ ಸತ್ತುಹೋಗುತ್ತದೆ, ಅದರ ಜೊತೆ ಕ್ಯಾಮೆರಾನೂ ಆಫ್ ಆಗುತ್ತದೆ. ಕೀ ಇಲ್ಲದಿದ್ದಾಗಲೂ ಕಾರಿನ ಬ್ಯಾಟರಿಯಿಂದ ಕ್ಯಾಮೆರಾಗೆ ಕರೆಂಟ್ ಕೊಡುವ ಚಿಕ್ಕ ಸಾಧನವೇ ಹಾರ್ಡ್‌ವೈರ್ ಕಿಟ್.

ನೋಡೋಕೆ ಅದು ಬೆಂಕಿಪೊಟ್ಟಣದಷ್ಟು ಗಾತ್ರದ ಕಪ್ಪು ಡಬ್ಬಿ. ಒಂದು ಕಡೆ ಕ್ಯಾಮೆರಾಗೆ ಹೋಗುವ ಯುಎಸ್‌ಬಿ ಕೇಬಲ್, ಇನ್ನೊಂದು ಕಡೆ ಮೂರು ವೈರು. ಬ್ಯಾಟರಿಯ 12 ವೋಲ್ಟನ್ನು ಕ್ಯಾಮೆರಾಗೆ ಬೇಕಾದ 5 ವೋಲ್ಟಿಗೆ ಇಳಿಸುವುದು ಅದರ ಮೊದಲ ಕೆಲಸ. ನಿಜವಾಗಿ ತಿಳಿದುಕೊಳ್ಳಬೇಕಾದದ್ದು ಆ ಮೂರು ವೈರುಗಳ ವಿಷಯ.

ಒಂದು ವೈರು ಯಾವಾಗಲೂ ಕರೆಂಟ್ ಇರುವ ಫ್ಯೂಸಿಗೆ ಹೋಗಬೇಕು. ಇದಕ್ಕೆ ‘ಬ್ಯಾಟ್’ ಅಥವಾ ‘ಬಿ ಪ್ಲಸ್’ ಅಂತ ಗುರುತು ಇರುತ್ತದೆ. ಕ್ಯಾಮೆರಾ ಓಡುವುದು ಇದರಿಂದ. ಎರಡನೆಯದು ‘ಎಸಿಸಿ’. ಕೀ ಆನ್ ಮಾಡಿದಾಗ ಮಾತ್ರ ಕರೆಂಟ್ ಬರುವ ಫ್ಯೂಸಿಗೆ ಇದನ್ನು ಸೇರಿಸುತ್ತಾರೆ. ಕೀ ಆನ್ ಇದೆಯಾ ಆಫ್ ಆಯ್ತಾ ಅಂತ ಕ್ಯಾಮೆರಾಗೆ ತಿಳಿಸುವುದು ಇದರ ಕೆಲಸ. ಮೂರನೆಯದು ಕಪ್ಪು ಅರ್ಥ್ ವೈರು. ಅದು ಕಾರಿನ ಬಾಡಿಯ ಬರಿಯ ಲೋಹಕ್ಕೆ ಬೋಲ್ಟ್ ಆಗಬೇಕು. ಪೇಂಟ್ ಮೇಲೆ ಕೂರಿಸಿದರೆ ಸಂಪರ್ಕ ಸರಿ ಬರುವುದಿಲ್ಲ.

ಈ ಮೊದಲ ಎರಡು ವೈರುಗಳಲ್ಲೇ ಎಡವಟ್ಟು ಆಗುವುದು. ಎರಡನ್ನೂ ಯಾವಾಗಲೂ ಕರೆಂಟ್ ಇರುವ ಫ್ಯೂಸಿಗೆ ಕೊಟ್ಟರೆ, ಗಾಡಿ ಇನ್ನೂ ಓಡುತ್ತಿದೆ ಅಂದುಕೊಂಡು ಕ್ಯಾಮೆರಾ ರಾತ್ರಿಯಿಡೀ ಪೂರ್ತಿ ರೆಕಾರ್ಡ್ ಮಾಡುತ್ತಿರುತ್ತದೆ, ಪಾರ್ಕಿಂಗ್ ಮೋಡ್‌ಗೆ ಹೋಗುವುದೇ ಇಲ್ಲ. ಎರಡನ್ನೂ ಕೀ ಆನ್ ಆದಾಗ ಮಾತ್ರ ಕರೆಂಟ್ ಬರುವ ಫ್ಯೂಸಿಗೆ ಕೊಟ್ಟರೆ ಕೀ ತೆಗೆದ ಕೂಡಲೇ ಎಲ್ಲ ಬಂದ್. ಅಂದರೆ ಕಿಟ್‌ಗೆ ಕೊಟ್ಟ ದುಡ್ಡು ದಂಡ. ‘ಕಿಟ್ ಹಾಕಿಸಿದೆ, ಪಾರ್ಕಿಂಗ್ ಮೋಡ್ ಬರ್ತಾ ಇಲ್ಲ’ ಅನ್ನುವವರು ಮೊದಲು ನೋಡಬೇಕಾದ ಜಾಗ ಇದು. ಇನ್ನೊಂದು ಸೂಕ್ಷ್ಮವಿದೆ. ಹೊಸ ಕಾರುಗಳಲ್ಲಿ ಕೆಲವು ಫ್ಯೂಸುಗಳು ಕೀ ತೆಗೆದ ಮೇಲೂ ಹಲವು ನಿಮಿಷ ಕರೆಂಟ್ ಉಳಿಸಿಕೊಂಡಿರುತ್ತವೆ. ಹಾಗಾಗಿ ಕರೆಂಟ್ ಇದೆಯಾ ಅಂತ ತೋರಿಸುವ ಮಲ್ಟಿಮೀಟರ್ ಹಿಡಿದು ಪರೀಕ್ಷೆ ಮಾಡುವಾಗ ಗಾಡಿ ಲಾಕ್ ಮಾಡಿ, ಸ್ವಲ್ಪ ಹೊತ್ತು ಬಿಟ್ಟು ಇನ್ನೊಮ್ಮೆ ನೋಡಬೇಕು. ಆಗಲೇ ಯಾವುದು ಯಾವುದು ಅಂತ ಸರಿಯಾಗಿ ಗೊತ್ತಾಗುವುದು.

ವೈರನ್ನು ಫ್ಯೂಸಿಗೆ ಸೇರಿಸಲು ‘ಫ್ಯೂಸ್ ಟ್ಯಾಪ್’ ಅಂತ ಒಂದು ಸಿಗುತ್ತದೆ. ಇರುವ ಫ್ಯೂಸನ್ನು ಕಿತ್ತು, ಅದೇ ಜಾಗಕ್ಕೆ ಇದನ್ನು ತಳ್ಳಬೇಕು. ಇದರಲ್ಲಿ ಎರಡು ಫ್ಯೂಸಿಗೆ ಜಾಗ ಇದೆ: ಹಳೆಯದಕ್ಕೆ ಒಂದು, ಕ್ಯಾಮೆರಾದ 2 ಅಥವಾ 3 ಆಂಪಿಯರ್ ಫ್ಯೂಸಿಗೆ ಒಂದು. ಇದನ್ನು ಯಾವ ದಿಕ್ಕಿನಲ್ಲಿ ಕೂರಿಸುತ್ತೀರಿ ಅನ್ನುವುದೂ ಮುಖ್ಯ. ಕರೆಂಟ್ ಬರುವ ಕಾಲಿನಿಂದ ಎರಡೂ ಫ್ಯೂಸಿಗೆ ಬೇರೆಬೇರೆಯಾಗಿ ಹೋಗಬೇಕು. ತಿರುಗಿಸಿ ಹಾಕಿದರೆ ಕ್ಯಾಮೆರಾದ ಕರೆಂಟೂ ಹಳೆಯ ಫ್ಯೂಸಿನ ಮೂಲಕವೇ ಹೋಗುತ್ತದೆ. ಕ್ಯಾಮೆರಾ ಓಡುವುದೇನೋ ಓಡುತ್ತದೆ, ಆದರೆ ಆ ಫ್ಯೂಸಿನ ಮೇಲೆ ಭಾರ ಜಾಸ್ತಿ. ಏರ್‌ಬ್ಯಾಗ್, ಎಬಿಎಸ್, ಸ್ಟೇರಿಂಗ್ ಇವುಗಳ ಫ್ಯೂಸನ್ನು ಮಾತ್ರ ಮುಟ್ಟಲೇಬೇಡಿ. ಹಾಗೇ ವೈರನ್ನು ಮುಂದಿನ ಗಾಜಿನ ಪಕ್ಕದ ಕಂಬದೊಳಗೆ ಇಳಿಸುವಾಗ, ಅಲ್ಲಿ ಕರ್ಟನ್ ಏರ್‌ಬ್ಯಾಗ್ (ಪಕ್ಕದ ಕಿಟಕಿಗಳ ಮೇಲೆ ಪರದೆಯಂತೆ ಬಿಚ್ಚಿಕೊಳ್ಳುವುದು) ಇದ್ದರೆ ವೈರು ಅದರ ಹಿಂದಿನಿಂದ ಹೋಗಬೇಕು. ಮುಂದಿನಿಂದ ಎಳೆದರೆ ಏರ್‌ಬ್ಯಾಗ್ ಬಿಚ್ಚಿಕೊಳ್ಳುವ ದಾರಿಗೇ ಅಡ್ಡ.

ಕಾರಿನ ಬಿಡಿಭಾಗಗಳ ಅಂಗಡಿಗಳಿರುವ ಬೆಂಗಳೂರಿನ ಜೆ.ಸಿ. ರಸ್ತೆಯಂಥ ಕಡೆ ಅಂಗಡಿಯವರೇ ಇದನ್ನು ಹಾಕಿಕೊಡುತ್ತಾರೆ. ಹಾಕಿಸುವಾಗ ಪಕ್ಕದಲ್ಲೇ ನಿಂತಿರಿ. ‘ವೈರ್ ಕಟ್ ಮಾಡಬೇಡಿ, ಫ್ಯೂಸ್ ಟ್ಯಾಪ್ ಹಾಕಿ’ ಅಂತ ಮೊದಲೇ ಹೇಳಿ. ಕಾರಿನ ವೈರನ್ನು ಸುಲಿದು ಅದಕ್ಕೆ ಸುತ್ತಿ ಟೇಪ್ ಹಾಕುವುದು ಹಳೆಯ ಅಭ್ಯಾಸ. ಮುಂದೆ ವಾರಂಟಿಗೂ ತಕರಾರು, ಶಾರ್ಟ್ ಆಗುವ ಭಯವೂ ಇದ್ದೇ ಇದೆ.

ಈಗ ಬ್ಯಾಟರಿ ವಿಷಯ. ನನ್ನ ಪ್ರಕಾರ ಕ್ಯಾಮೆರಾ ಎಷ್ಟು ಮೆಗಾಪಿಕ್ಸೆಲ್ ಅನ್ನುವುದಕ್ಕಿಂತ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಾದದ್ದು ಇಲ್ಲಿ.

ಸುಮ್ನೆ ಒಂದು ಲೆಕ್ಕ ಹಾಕೋಣ. ಸಣ್ಣ ಪೆಟ್ರೋಲ್ ಕಾರುಗಳಲ್ಲಿ 35 ಆಂಪಿಯರ್-ಅವರ್ ಬ್ಯಾಟರಿ ಸಾಮಾನ್ಯ, ಅಂದರೆ ಒಂದು ಆಂಪಿಯರಿನಂತೆ ಸುಮಾರು 35 ಗಂಟೆ ಕೊಡುವಷ್ಟು. ರೆಕಾರ್ಡ್ ಮಾಡುತ್ತಿರುವ ಕ್ಯಾಮೆರಾ 4 ವ್ಯಾಟ್ ತಿನ್ನುತ್ತದೆ ಅಂದುಕೊಳ್ಳಿ. 12 ವೋಲ್ಟಿನಲ್ಲಿ ಅದು ಸುಮಾರು 0.33 ಆಂಪಿಯರ್. ರಾತ್ರಿ 10 ಗಂಟೆ ನಿಂತರೆ 3.3 ಆಂಪಿಯರ್-ಅವರ್ ಖರ್ಚು. ಇಷ್ಟು ಚಿಂತೆಯಿಲ್ಲ. ಆದರೆ ಶುಕ್ರವಾರ ಸಂಜೆ ನಿಲ್ಲಿಸಿದ ಗಾಡಿಯನ್ನು ಭಾನುವಾರ ಸಂಜೆ ತೆಗೆದರೆ 48 ಗಂಟೆ, ಹತ್ತಿರಹತ್ತಿರ 16 ಆಂಪಿಯರ್-ಅವರ್. ಬ್ಯಾಟರಿಯ ಅರ್ಧದಷ್ಟು ಹೋಯಿತು. ಇದರ ಮೇಲೆ ಕಾರಿನ ಅಲಾರಂ, ಕಂಪ್ಯೂಟರ್ ಇವು ಸದಾ ಸ್ವಲ್ಪ ಸ್ವಲ್ಪ ಕರೆಂಟ್ ಎಳೆಯುತ್ತಿರುತ್ತವೆ. ಬ್ಯಾಟರಿ ಮೂರು ವರ್ಷ ಹಳೆಯದಾಗಿದ್ದರೆ ಆ 35 ಪೂರ್ತಿ ಇರುವುದೂ ಇಲ್ಲ. ಆಮೇಲೆ ಸೆಲ್ಫ್ ಹೊಡೆದರೆ ಬರೀ ಟಿಕ್ ಟಿಕ್ ಶಬ್ದ.

ಇದನ್ನು ತಡೆಯಲೆಂದೇ ಕಿಟ್‌ನಲ್ಲಿ ‘ಲೋ ವೋಲ್ಟೇಜ್ ಕಟ್-ಆಫ್’ ಇದೆ. ಬ್ಯಾಟರಿಯ ವೋಲ್ಟೇಜ್ ಒಂದು ಮಟ್ಟಕ್ಕಿಂತ ಕೆಳಗೆ ಇಳಿದರೆ ಕಿಟ್ ತಾನೇ ಕ್ಯಾಮೆರಾದ ಕರೆಂಟ್ ನಿಲ್ಲಿಸುತ್ತದೆ. ಕೆಲವು ಕಿಟ್‌ಗಳಲ್ಲಿ ಈ ಮಟ್ಟವನ್ನು ಆರಿಸುವ ಪುಟ್ಟ ಸ್ವಿಚ್ ಇರುತ್ತದೆ: 11.6, 11.8, 12.0, 12.2, 12.4 ಹೀಗೆ. ನೋಡೋಕೆ ವ್ಯತ್ಯಾಸ ಏನೂ ಇಲ್ಲ ಅನ್ನಿಸುತ್ತದೆ, ಅಲ್ವಾ? ಆದರೆ ಸೀಸದ ಬ್ಯಾಟರಿಯಲ್ಲಿ ಈ ಪಾಯಿಂಟುಗಳ ಬೆಲೆ ದೊಡ್ಡದು. ಪೂರ್ತಿ ಚಾರ್ಜ್ ಆಗಿ ವಿಶ್ರಾಂತಿಯಲ್ಲಿರುವ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸುತ್ತದೆ. 12.2ಕ್ಕೆ ಬಂದಾಗ ಉಳಿದಿರುವುದು ಅರ್ಧದಷ್ಟು. 12.0ಕ್ಕೆ ಕಾಲು ಭಾಗ. 11.8 ಅಂದರೆ ಹೆಚ್ಚುಕಡಿಮೆ ಖಾಲಿ. ಹೆಸರಿಗೆ 12 ವೋಲ್ಟ್ ಬ್ಯಾಟರಿ ಅಂದ ಮಾತ್ರಕ್ಕೆ 11.6ರಲ್ಲಿ ಇನ್ನೂ ತುಂಬ ಉಳಿದಿದೆ ಅಂತ ತಿಳಿಯಬಾರದು. ಸ್ವಿಚ್ 12.2 ಅಥವಾ 12.4ರಲ್ಲಿ ಇಡಿ. ರೆಕಾರ್ಡಿಂಗ್ ಕೆಲವು ಗಂಟೆ ಮೊದಲೇ ನಿಂತರೂ ಪರವಾಗಿಲ್ಲ, ಗಾಡಿ ಸ್ಟಾರ್ಟ್ ಆಗುತ್ತದೆ. ಬ್ಯಾಟರಿಯನ್ನು ಪದೇ ಪದೇ ತಳ ಮುಟ್ಟಿಸಿದರೆ ಅದರ ಆಯಸ್ಸೂ ಕಡಿಮೆ, ಯಾಕೆಂದರೆ ಕಾರಿನ ಬ್ಯಾಟರಿ ಸ್ಟಾರ್ಟರ್‌ಗೆ ಒಂದೇ ಏಟಿಗೆ ಜಾಸ್ತಿ ಕರೆಂಟ್ ಕೊಡಲು ಮಾಡಿದ್ದು, ನಿಧಾನಕ್ಕೆ ಗಂಟೆಗಟ್ಟಲೆ ಬಸಿಯಲು ಅಲ್ಲ.

ಆಫೀಸು ಮನೆ ಅಂತ ದಿನಕ್ಕೆ ಹದಿನೈದು ಇಪ್ಪತ್ತು ನಿಮಿಷ ಮಾತ್ರ ಓಡಿಸುವವರು ಇನ್ನೂ ಹುಷಾರಾಗಿರಬೇಕು. ರಾತ್ರಿ ಹೋದ ಚಾರ್ಜ್ ಅಷ್ಟು ಹೊತ್ತಿನಲ್ಲಿ ಪೂರ್ತಿ ವಾಪಸ್ ಬರುವುದಿಲ್ಲ. ಊರಿಗೆ ಹೋಗಿ ವಾರ ಬಿಟ್ಟು ಬರುವುದಾದರೆ ಕ್ಯಾಮೆರಾದ ಕೇಬಲ್ ಕಿತ್ತಿಟ್ಟು ಹೋಗುವುದೇ ವಾಸಿ.

ಕರೆಂಟ್ ಉಳಿಸುವ ಇನ್ನೊಂದು ದಾರಿ ಕ್ಯಾಮೆರಾದ ಸೆಟ್ಟಿಂಗ್‌ನಲ್ಲೇ ಇದೆ. ಟೈಮ್‌ಲ್ಯಾಪ್ಸ್ ಇಟ್ಟರೆ ಸೆಕೆಂಡಿಗೆ ಒಂದೆರಡು ಚಿತ್ರ ಮಾತ್ರ ತೆಗೆಯುತ್ತದೆ. ಮೆಮೊರಿ ಕಾರ್ಡಿನಲ್ಲಿ ಜಾಗ ತುಂಬ ಉಳಿಯುತ್ತದೆ, ಆದರೆ ಕ್ಯಾಮೆರಾ ಎಚ್ಚರವಾಗಿಯೇ ಇರುವುದರಿಂದ ಕರೆಂಟ್ ಅಷ್ಟೇನೂ ಉಳಿಯುವುದಿಲ್ಲ. ಪೆಟ್ಟು ಬಿದ್ದಾಗ ಮಾತ್ರ ಏಳುವ ಮೋಡ್ ಬಹಳ ಕಡಿಮೆ ತಿನ್ನುತ್ತದೆ. ಅದರ ತೊಂದರೆ ಅಂದರೆ ಗುದ್ದಿದ ಮೇಲೆ ಏಳಲು ಅದಕ್ಕೆ ಒಂದೆರಡು ಸೆಕೆಂಡ್ ಬೇಕು, ಗುದ್ದಿದ ಕ್ಷಣವೇ ತಪ್ಪಿಹೋಗಬಹುದು. ರಸ್ತೆ ಬದಿಯಲ್ಲಿ ನಿಲ್ಲಿಸುವವರಿಗೆ ನಾನು ಟೈಮ್‌ಲ್ಯಾಪ್ಸೇ ಹೇಳುತ್ತೇನೆ. ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ ನಿಲ್ಲಿಸುವವರಿಗೆ ಪೆಟ್ಟು ಬಿದ್ದಾಗ ಏಳುವ ಮೋಡ್ ಸಾಕು.

ಕ್ಯಾಮೆರಾ ಒಳಗೇ ಬ್ಯಾಟರಿ ಇದೆಯಲ್ಲ, ಮತ್ಯಾಕೆ ಕಿಟ್ ಅಂತ ಕೇಳುವವರಿದ್ದಾರೆ. ಆ ಬ್ಯಾಟರಿ ಇರುವುದು ಕೊನೆಯ ಫೈಲನ್ನು ಸರಿಯಾಗಿ ಉಳಿಸಲು ಮಾತ್ರ. ಈಗ ಒಳ್ಳೆಯ ಕ್ಯಾಮೆರಾಗಳಲ್ಲಿ ಅದರ ಬದಲು ಸೂಪರ್ ಕೆಪಾಸಿಟರ್ ಇರುತ್ತದೆ, ಅಂದರೆ ಸ್ವಲ್ಪ ಹೊತ್ತಿಗಾಗುವಷ್ಟು ಕರೆಂಟ್ ಹಿಡಿದಿಡುವ ಬಿಡಿಭಾಗ. ಅದು ಬಿಸಿ ತಡೆಯುತ್ತದೆ. ಕಲಬುರಗಿಯ ಮೇ ತಿಂಗಳ ಬಿಸಿಲಿನಲ್ಲಿ ಗಾಜು ಏರಿಸಿ ನಿಲ್ಲಿಸಿದ ಕಾರಿನ ಒಳಗೆ 60 ಡಿಗ್ರಿ ದಾಟುವುದು ಕಷ್ಟವೇನಲ್ಲ. ಅಂಥ ಕಡೆ ಕ್ಯಾಮೆರಾ ಒಳಗಿನ ಲಿಥಿಯಂ ಬ್ಯಾಟರಿ ಉಬ್ಬಿಕೊಳ್ಳಬಹುದು. ಇದೇ ಕಾರಣಕ್ಕೆ ಪವರ್ ಬ್ಯಾಂಕನ್ನು ಡ್ಯಾಶ್‌ಬೋರ್ಡ್ ಮೇಲಿಟ್ಟು ಕ್ಯಾಮೆರಾ ಓಡಿಸುವುದು ಬೇಡವೇ ಬೇಡ. ದುಡ್ಡು ಇದ್ದರೆ ಡ್ಯಾಶ್‌ಕ್ಯಾಮ್‌ಗೆಂದೇ ಮಾಡಿದ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಪ್ಯಾಕ್ ಸಿಗುತ್ತದೆ. ಸೀಟಿನ ಕೆಳಗೆ ಕೂರುತ್ತದೆ, ಗಾಡಿ ಓಡುವಾಗ ಚಾರ್ಜ್ ಆಗುತ್ತದೆ, ಗಾಡಿ ನಿಂತಾಗ ಕಾರಿನ ಬ್ಯಾಟರಿಯನ್ನು ಮುಟ್ಟುವುದಿಲ್ಲ. ಬೆಲೆ ಮಾತ್ರ ಎಷ್ಟೋ ಸಲ ಕ್ಯಾಮೆರಾಗಿಂತ ಜಾಸ್ತಿ.

ಎಲೆಕ್ಟ್ರಿಕ್ ಕಾರು ಇಟ್ಟವರಿಗೂ ಈ ಮಾತೆಲ್ಲ ಅನ್ವಯಿಸುತ್ತದೆ. ಓಡಿಸುವ ದೊಡ್ಡ ಬ್ಯಾಟರಿ ತುಂಬಿದ್ದರೂ, ಬಾಗಿಲು, ಲೈಟು, ಕಂಪ್ಯೂಟರ್‌ಗೆಲ್ಲ ಸಾಮಾನ್ಯವಾಗಿ ಬೇರೆಯೇ ಒಂದು 12 ವೋಲ್ಟ್ ಬ್ಯಾಟರಿ ಇರುತ್ತದೆ. ಕಿಟ್ ಕರೆಂಟ್ ತೆಗೆದುಕೊಳ್ಳುವುದೂ ಅದರಿಂದಲೇ. ಅದು ಡೌನ್ ಆದರೆ ಗಾಡಿ ಆನ್ ಆಗುವುದೇ ಇಲ್ಲ.