ನಾಣ್ಯದ ಕುಂದು: ಟಂಕಸಾಲೆಯದ್ದೋ, ಆಮೇಲೆ ಆದದ್ದೋ?

ನನ್ನ ಮೊದಲ ಪಾಠ ದುಬಾರಿಯಾಗಿತ್ತು. ಬದಿಯಡ್ಕದ ಕಡೆ ಒಂದು ಜಾತ್ರೆಯಲ್ಲಿ ಹಳೆ ನಾಣ್ಯ ಹರಡಿಕೊಂಡು ಕೂತವರಿಂದ ಐದು ರೂಪಾಯಿಯ ಒಂದು 'ಲಖಿ' (ಎರಡೂ ಬದಿಯಲ್ಲಿ ಒಂದೇ ಚಿತ್ರ ಬಿದ್ದ ದೋಷದ ನಾಣ್ಯ) ತೆಗೆದುಕೊಂಡೆ. ಕೊಟ್ಟದ್ದು 400 ರೂಪಾಯಿ. ಒಂದು ಬದಿಯಲ್ಲಿ ಸಿಂಹ ಮಾಮೂಲಿಯಾಗಿತ್ತು. ಇನ್ನೊಂದು ಬದಿಯಲ್ಲಿ ಅದೇ ಸಿಂಹ ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿ, ಒಳಕ್ಕೆ ತಗ್ಗಾಗಿತ್ತು. ಊರಿಗೆ ಬಂದು ವರ್ಕ್‌ಶಾಪಿನವರಿಗೆ ತೋರಿಸಿದೆ. ಅವರು ಒಂದೇ ನೋಟಕ್ಕೆ ಹೇಳಿದರು: "ಇದು ವೈಸಿಗೆ ಹಾಕಿ ಒತ್ತಿದ್ದು ಮಾರಾಯ್ರೆ." ವೈಸು ಅಂದರೆ ಲೋಹವನ್ನು ಎರಡು ದವಡೆಗಳ ನಡುವೆ ಬಿಗಿಹಿಡಿಯುವ ಸಾಧನ.

ಅವರಿಗೆ ಅದು ಗೊತ್ತಾದದ್ದು ಹೇಗೆ? ನಾಣ್ಯ ಹುಟ್ಟುವ ದಾರಿ ಗೊತ್ತಿದ್ದರೆ ನಮಗೂ ಗೊತ್ತಾಗುತ್ತದೆ. ಲೋಹದ ಪಟ್ಟಿಯಿಂದ ದುಂಡು ಬಿಲ್ಲೆ ಕತ್ತರಿಸುತ್ತಾರೆ. ಅದರ ಅಂಚನ್ನು ಉರುಳಿಸಿ ಸ್ವಲ್ಪ ಎತ್ತರಿಸುತ್ತಾರೆ. ಆಮೇಲೆ ಬಿಲ್ಲೆ ಒಂದು ಬಳೆಯೊಳಗೆ ಕೂರುತ್ತದೆ, ಮೇಲೊಂದು ಕೆಳಗೊಂದು ಅಚ್ಚು ಸೇರಿ ಒತ್ತುತ್ತವೆ. ವಿಚಿತ್ರ ನಾಣ್ಯ ಸಿಕ್ಕಿದಾಗ ಕೇಳಬೇಕಾದದ್ದು ಇಷ್ಟೆ: ಈ ಕುಂದು ಇದರಲ್ಲಿ ಯಾವ ಹಂತದಲ್ಲಿ ಆಗಿರಬಹುದು? ಯಾವುದೂ ಹೊಂದದಿದ್ದರೆ ಅದು ಟಂಕಸಾಲೆಯ ಹೊರಗೆ ಆದದ್ದು.

ಲಖಿಯನ್ನೇ ತೆಗೆದುಕೊಳ್ಳಿ. ಒತ್ತಿದ ನಾಣ್ಯ ಹೊರಗೆ ಬೀಳದೆ ಒಂದು ಅಚ್ಚಿಗೆ ಅಂಟಿಕೊಂಡಿತು ಅಂದುಕೊಳ್ಳಿ. ಮುಂದಿನ ಬಿಲ್ಲೆಯ ಆ ಬದಿಗೆ ಅಚ್ಚು ತಾಗುವುದೇ ಇಲ್ಲ, ತಾಗುವುದು ಅಂಟಿದ ನಾಣ್ಯದ ಮುಖ. ಹಾಗಾಗಿ ನಿಜವಾದ ಲಖಿಯಲ್ಲಿ ಒಂದು ಕಡೆ ಸಿಂಹ, ಇನ್ನೊಂದು ಕಡೆ ತಿರುಗಿದ ಸಿಂಹ. '5' ಎಂಬ ಅಂಕಿಯ ಸುಳಿವೂ ಇರಬಾರದು. ನನ್ನ ನಾಣ್ಯದಲ್ಲಿ ತಿರುಗಿದ ಸಿಂಹದ ಅಡಿಯಲ್ಲಿ '5' ಮಸುಕಾಗಿ ಕಾಣುತ್ತಿತ್ತು. ಅಂದರೆ ಪೂರ್ತಿ ತಯಾರಾದ ನಾಣ್ಯದ ಮೇಲೆ ಇನ್ನೊಂದನ್ನಿಟ್ಟು ಒತ್ತಿದ್ದಾರೆ. ಸರಿಯಾಗಿದೆ ಅಂದುಕೊಂಡಿದ್ದ ಬದಿಯಲ್ಲೂ ಸಿಂಹದ ಮುಖ ಚಪ್ಪಟೆಯಾಗಿತ್ತು, ವೈಸಿನ ದವಡೆ ತಾಗಿ. ಆಸೆಯಲ್ಲಿ ಅದನ್ನು ನೋಡಲೇ ಇಲ್ಲ!

ಅಂಚು ತುಂಡಾದ ನಾಣ್ಯದಲ್ಲಿ ತುಂಡಾದ ಜಾಗಕ್ಕಿಂತ ಅದರ ನೇರ ಎದುರಿನ ಅಂಚನ್ನು ಜಾಸ್ತಿ ನೋಡಿ. ಕತ್ತರಿಸುವಾಗಲೇ ಬಿಲ್ಲೆ ಕೊರೆಯಾಗಿದ್ದರೆ, ಅಂಚು ಎತ್ತರಿಸುವ ಯಂತ್ರದಲ್ಲಿ ಕೊರೆಯ ಕಡೆ ಒತ್ತಡ ಸಿಗುವುದಿಲ್ಲ. ಆದ್ದರಿಂದ ಎದುರು ಬದಿಯ ಅಂಚೂ ಏಳುವುದಿಲ್ಲ, ಅಲ್ಲಿ ಸಪ್ಪೆಯಾಗಿರುತ್ತದೆ. ಇದಕ್ಕೆ ಬ್ಲೇಕ್ಸ್ಲಿ ಪರಿಣಾಮ ಅಂತ ಹೆಸರು. ಎಲ್ಲ ಕೊರೆ ಬಿಲ್ಲೆಗಳಲ್ಲೂ ಇದು ಎದ್ದು ಕಾಣುವುದಿಲ್ಲ, ಆದರೆ ಕಂಡರೆ ಒಳ್ಳೆಯ ಸಾಕ್ಷಿ. ಕೊರೆಯ ಹತ್ತಿರದ ಅಕ್ಷರಗಳೂ ಆ ಕಡೆಗೆ ಎಳೆದ ಹಾಗೆ ತೆಳುವಾಗಿರುತ್ತವೆ. ಅರದಿಂದ ಉಜ್ಜಿದ್ದರೆ ಅಕ್ಷರ ಚಾಕುವಿನಲ್ಲಿ ಕೊಯ್ದ ಹಾಗೆ ಅರ್ಧಕ್ಕೇ ನಿಲ್ಲುತ್ತದೆ.

ಗೆರೆ ಉಬ್ಬಿದ್ದರೆ ಹೆಚ್ಚಾಗಿ ಅದು ಅಚ್ಚು ಬಿರುಕು ಬಿಟ್ಟದ್ದು. ಬಿರುಕಿಗೆ ಲೋಹ ನುಗ್ಗಿ ಗೆರೆ ಏಳುತ್ತದೆ. ತಗ್ಗಾದ ಗೆರೆ ಸಾಮಾನ್ಯವಾಗಿ ಗೀರು. ಒತ್ತುವಾಗ ನಡುವೆ ನೂಲೋ ಲೋಹದ ಚೂರೋ ಸಿಕ್ಕಿಕೊಂಡರೂ ತಗ್ಗು ಬೀಳುತ್ತದೆ, ಅದೊಂದು ಅಪವಾದ. ಅಕ್ಷರ ಕಾಣೆಯಾಗಿದ್ದರೆ ಆ ಜಾಗವನ್ನು ಲೆನ್ಸಿನಲ್ಲಿ ನೋಡಿ. ಅಚ್ಚಿನ ಗುಂಡಿಯಲ್ಲಿ ಗ್ರೀಸು ತುಂಬಿದ್ದರೆ ಅಲ್ಲಿ ನುಣುಪಾಗಿ, ಸುತ್ತಿನ ಮಟ್ಟಕ್ಕೇ ಇರುತ್ತದೆ. ಕೆರೆದು ತೆಗೆದಿದ್ದರೆ ಗುಳಿ ಬಿದ್ದು ಗೀರುಗಳು ಕಾಣುತ್ತವೆ.

ತಕ್ಕಡಿ ಬೇಕೇ ಬೇಕು, ಆದರೆ ಅದೊಂದನ್ನೇ ನಂಬಬೇಡಿ. ಕುಂಬಳೆಯಲ್ಲಿ ಚಿಕ್ಕಂದಿನಲ್ಲಿ ನಾವು ರೈಲು ಹಳಿಯ ಮೇಲೆ ನಾಣ್ಯ ಇಡುತ್ತಿದ್ದೆವು (ಮಾಡಬಾರದ ಕೆಲಸ, ಅಪಾಯವೂ ಹೌದು, ತಪ್ಪೂ ಹೌದು). ಚಪ್ಪಟೆಯಾದ ಆ ನಾಣ್ಯದ ತೂಕ ಹೆಚ್ಚುಕಮ್ಮಿ ಮೊದಲಿನಷ್ಟೇ ಇರುತ್ತದೆ. ಬಳೆಯಿಲ್ಲದೆ ಒತ್ತಿ ಅಗಲವಾದ ನಿಜವಾದ ದೋಷದ ನಾಣ್ಯಕ್ಕೂ ಸರಿ ತೂಕವೇ. ವ್ಯತ್ಯಾಸ ಇರುವುದು ಚಿತ್ರದಲ್ಲಿ. ಹಳಿಯದ್ದರಲ್ಲಿ ಸಿಂಹ ಎಳೆದು ಮಾಸಿಹೋಗಿರುತ್ತದೆ, ಬಳೆ ತಪ್ಪಿದ್ದರಲ್ಲಿ ಸ್ಪಷ್ಟವಾಗಿರುತ್ತದೆ.

ಟಂಕಸಾಲೆಯ ಗುರುತಿಲ್ಲ ಅಂತ ಯಾರಾದರೂ ಬೆಲೆ ಏರಿಸಿದರೆ ನಕ್ಕುಬಿಡಿ. ಮುಂಬೈಯದ್ದು ವಜ್ರ, ನೋಯ್ಡಾದ್ದು ಚುಕ್ಕಿ, ಹೈದರಾಬಾದಿನದ್ದು ಸಾಮಾನ್ಯವಾಗಿ ನಕ್ಷತ್ರ. ಕೋಲ್ಕತ್ತಾದ ನಾಣ್ಯಕ್ಕೆ ಗುರುತೇ ಇಲ್ಲ. ಹತ್ತು ರೂಪಾಯಿಯಲ್ಲಿ ರೂಪಾಯಿ ಚಿಹ್ನೆ ಇಲ್ಲದ್ದೂ ದೋಷ ಅಲ್ಲ. 2018ರಲ್ಲಿ ರಿಸರ್ವ್ ಬ್ಯಾಂಕು 14 ವಿನ್ಯಾಸಗಳು ಚಲಾವಣೆಯಲ್ಲಿವೆ ಅಂತ ಹೇಳಿತ್ತು.

ಬೇಕಲದ ಕಡೆಯವರು ಟಿಪ್ಪುವಿನ ತಾಮ್ರದ ಆನೆ ಕಾಸು ತಂದು "ಆನೆ ಅರ್ಧವೇ ಇದೆ, ದೋಷ ಅಲ್ವಾ?" ಅಂತ ಕೇಳುವುದುಂಟು. ಅಲ್ಲ. ಅದು ಸುತ್ತಿಗೆಯಲ್ಲಿ ಕೈಯಿಂದ ಹೊಡೆದ ನಾಣ್ಯ. ಚಿತ್ರ ಸರಿದು ಬೀಳುವುದು ಅಲ್ಲಿ ಮಾಮೂಲು. ಈ ಟಿಪ್ಪಣಿಯ ಲೆಕ್ಕವೆಲ್ಲ ಯಂತ್ರದ ನಾಣ್ಯಕ್ಕೆ ಮಾತ್ರ.

ಇನ್ನು ಬಣ್ಣದ ವಿಷಯ. ನಮ್ಮ ಅಡಿಕೆ ತೋಟದ ಮಣ್ಣಲ್ಲಿ 1980ರ ದಶಕದ ಒಂದು ರೂಪಾಯಿ ಸಿಕ್ಕಿತು, ತಾಮ್ರದ ಹಾಗೆ ಕೆಂಪಾಗಿ. ತಾಮ್ರದ ಬಿಲ್ಲೆಯ ಮೇಲೆ ತಪ್ಪಿ ಒತ್ತಿದ್ದು ಅಂತ ಒಂದು ದಿನ ಕುಣಿದೆ. ತೂಗಿದರೆ ಸರಿಯಾಗಿ 6 ಗ್ರಾಂ. ಆದರೆ ಆ ನಾಣ್ಯ ತಾಮ್ರ ಮತ್ತು ನಿಕ್ಕಲ್ ಬೆರಕೆಯದ್ದು, ಅದರ ಸಾಂದ್ರತೆ ಬರೀ ತಾಮ್ರಕ್ಕೆ ತೀರಾ ಹತ್ತಿರ. ತೂಕದಿಂದ ಏನೂ ತೀರ್ಮಾನವಾಗಲಿಲ್ಲ. ಕೊನೆಗೆ ಉಬ್ಬಿದ ಜಾಗದಲ್ಲಿ, ಕೈ ತಾಗಿ ಸವೆದ ಕಡೆ, ಬಿಳಿ ಲೋಹ ಇಣುಕಿತು. ಮಣ್ಣಲ್ಲಿ ವರ್ಷಗಟ್ಟಲೆ ಇದ್ದ ಈ ಬೆರಕೆ ಲೋಹಕ್ಕೆ ಮೇಲ್ಮೈ ಕೆಂಪಾಗುತ್ತದೆ, ಅಷ್ಟೆ. 1992ರ ನಂತರದ ಸ್ಟೀಲ್ ರೂಪಾಯಿ ಕೆಂಪಾಗಿ ಕಂಡರೆ ಕೆಲಸ ಸುಲಭ: ಅಯಸ್ಕಾಂತ ಹಿಡಿಯಿರಿ. ಗಟ್ಟಿಯಾಗಿ ಅಂಟಿದರೆ ಒಳಗೆ ಸ್ಟೀಲೇ, ಮೇಲಿನದ್ದು ಹೆಚ್ಚಾಗಿ ಯಾರೋ ಕೊಟ್ಟ ಲೇಪ.