ಸಂಪಂಗಿ ಕೆರೆ ಹುಡುಕಿದರೆ ಬೆಳ್ಳಂದೂರು ಬರುವುದೇಕೆ?

ಪ್ರಶ್ನೆ: ಸುದ್ದಿತಾಣವೊಂದರ ಹಳೆಯ ಲೇಖನಗಳಲ್ಲಿ ‘ಸಂಪಂಗಿ ಕೆರೆ’ ಎಂದು ಹುಡುಕಿದರೆ ಬೆಳ್ಳಂದೂರು, ಹಲಸೂರು, ಹೆಬ್ಬಾಳ ಎಲ್ಲ ಬರುತ್ತವೆ. ಬೇಕಾದ್ದಷ್ಟೇ ಸಿಗುವ ಹಾಗೆ ಹುಡುಕುವುದು ಹೇಗೆ?

ಉತ್ತರ: ಪದಗಳನ್ನು ಹಾಗೇ ಟೈಪ್ ಮಾಡಿದರೆ ಎಷ್ಟೋ ತಾಣಗಳು ‘ಸಂಪಂಗಿ’ ಇರುವುದನ್ನೂ ತರುತ್ತವೆ, ಬರೀ ‘ಕೆರೆ’ ಇರುವುದನ್ನೂ ತರುತ್ತವೆ. ಬೆಂಗಳೂರಿನಲ್ಲಿ ಕೆರೆಯ ನೀರಿಗೆ ಬರ ಬರಬಹುದು, ಕೆರೆಯ ಸುದ್ದಿಗೆ ಬರವಿಲ್ಲ.

ಎರಡೂ ಪದಗಳನ್ನು ಜೋಡಿ ಉದ್ಧರಣ ಚಿಹ್ನೆಯೊಳಗೆ ಹಾಕಿ, ಆಗ ಅವು ಅದೇ ಕ್ರಮದಲ್ಲಿ ಒಟ್ಟಿಗಿರುವ ಲೇಖನಗಳಷ್ಟೇ ಬರುತ್ತವೆ ಎಂಬುದು ಎಲ್ಲರೂ ಕೊಡುವ ಸಲಹೆ. ಕನ್ನಡದಲ್ಲಿ ಅಷ್ಟಕ್ಕೇ ನಿಂತರೆ ಒಳ್ಳೆಯ ಲೇಖನಗಳೇ ಕೈತಪ್ಪುತ್ತವೆ. ನಮ್ಮಲ್ಲಿ ವಿಭಕ್ತಿ ಪದಕ್ಕೇ ಅಂಟಿಕೊಳ್ಳುತ್ತದಲ್ಲ! ‘ಸಂಪಂಗಿ ಕೆರೆಯ ಅಂಗಳದಲ್ಲಿ ಕಂಠೀರವ ಕ್ರೀಡಾಂಗಣ ಎದ್ದಿತು’ ಎಂಬ ಸಾಲಿನಲ್ಲಿ ಇರುವುದು ‘ಕೆರೆಯ’. ಇಡೀ ಪದವನ್ನೇ ಹೊಂದಿಸಿ ನೋಡುವ ಸರ್ಚ್‌ಗೆ ಅದು ‘ಕೆರೆ’ ಅಲ್ಲ.

ನಿಮ್ಮ ತಾಣ ಯಾವ ಬಗೆಯದೆಂದು ಮೊದಲು ಪರೀಕ್ಷಿಸಿ. ಬರೀ ‘ಸಂಪಂ’ ಎಂದು ಹಾಕಿ ಎಂಟರ್ ಒತ್ತಿ. ಸಂಪಂಗಿಯ ಲೇಖನಗಳು ಬಂದರೆ ಅದು ಅರ್ಧ ಪದವನ್ನೂ ಹಿಡಿಯುತ್ತದೆ ಎಂದರ್ಥ. ಅಲ್ಲಿ ಪದದ ಬದಲಾಗದ ಭಾಗವನ್ನಷ್ಟೇ ಕೊಡಿ: ‘ಬೆಂಗಳೂರು’ ಬದಲು ಕೊನೆಯ ಕೊಂಬು ಬಿಟ್ಟು ‘ಬೆಂಗಳೂರ’ ಎಂದರೆ ಬೆಂಗಳೂರು, ಬೆಂಗಳೂರಿನ, ಬೆಂಗಳೂರಲ್ಲಿ ಮೂರೂ ಸಿಗುತ್ತವೆ. ಏನೂ ಬರದಿದ್ದರೆ ‘ಕೆರೆ’, ‘ಕೆರೆಯ’, ‘ಕೆರೆಗೆ’ ಎಂದು ಬೇರೆ ಬೇರೆಯಾಗಿ ಹುಡುಕದೆ ವಿಧಿಯಿಲ್ಲ. ಕನ್ನಡ ವಿಕಿಪೀಡಿಯದಲ್ಲಿ ಈ ತಾಪತ್ರಯ ಕಡಿಮೆ. ‘ಕೆರೆ’ ಪದಕ್ಕೆ ನಕ್ಷತ್ರ ಚಿಹ್ನೆ ಅಂಟಿಸಿದರೆ ಅದರಿಂದ ಶುರುವಾಗುವ ರೂಪಗಳೆಲ್ಲ ಬರುತ್ತವೆ.

ಎಷ್ಟೋ ತಾಣಗಳಲ್ಲಿ ಬೇಡದ ಪದದ ಮೊದಲಿಗೆ, ನಡುವೆ ಸ್ಪೇಸ್ ಇಲ್ಲದೆ, ಮೈನಸ್ ಹಾಕಿದರೆ ಅದಿರುವ ಪುಟಗಳು ಹೋಗುತ್ತವೆ. ನಾನಂತೂ ಇದನ್ನು ಕಡೆಗೆ ಬಳಸುತ್ತೇನೆ. ಬೆಳ್ಳಂದೂರು ಬೇಡವೆಂದು ಮೈನಸ್ ಹಾಕಿದರೆ, ಸಂಪಂಗಿ, ಬೆಳ್ಳಂದೂರು ಎರಡೂ ಕೆರೆಗಳನ್ನು ಹೋಲಿಸಿದ ಲೇಖನ ಇದ್ದರೆ ಅದೂ ಹೋಯಿತು.

ತಾಣದ ಸರ್ಚ್ ತೀರಾ ಕಳಪೆಯಾಗಿದ್ದರೆ ಗೂಗಲ್‌ಗೆ ಹೋಗಿ. ಇಂಗ್ಲಿಷ್ ಅಕ್ಷರಗಳಲ್ಲಿ ‘ಸೈಟ್’ ಎಂದು ಬರೆದು ಕೋಲನ್ ಹಾಕಿ, ಸ್ಪೇಸ್ ಬಿಡದೆ ತಾಣದ ವಿಳಾಸ ಕೊಡಿ. ಆಮೇಲೆ ಒಂದು ಸ್ಪೇಸ್ ಬಿಟ್ಟು ನಿಮ್ಮ ಪದ. ಆ ಒಂದೇ ತಾಣದೊಳಗೆ ಹುಡುಕುತ್ತದೆ.

ಹಳೆಯ ಸರ್ಕಾರಿ ಪಿಡಿಎಫ್‌ಗಳ ಕಥೆಯೇ ಬೇರೆ. ಎಲ್ಲ ಕಂಪ್ಯೂಟರ್‌ಗಳಿಗೂ ಒಂದೇ ಆದ ಅಕ್ಷರ ಸಂಕೇತ ಪದ್ಧತಿ ಯುನಿಕೋಡ್ ಬಳಕೆಗೆ ಬರುವ ಮುಂಚೆ ‘ನುಡಿ’, ‘ಬರಹ’ ಎಂಬ ಕನ್ನಡ ತಂತ್ರಾಂಶಗಳ ಫಾಂಟ್‌ಗಳಲ್ಲಿ ಮಾಡಿದ ಕಡತ ಕಣ್ಣಿಗೆ ಕನ್ನಡ, ಕಂಪ್ಯೂಟರಿಗೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಒಂದು ಸಾಲು ಕಾಪಿ ಮಾಡಿ ಸರ್ಚ್ ಬಾಕ್ಸ್‌ನಲ್ಲಿ ಪೇಸ್ಟ್ ಮಾಡಿದರೆ ಗೊತ್ತಾಗುತ್ತದೆ. ಅಂಥ ಕಡತದ ಒಳಗೆ ಹುಡುಕುವ ಬದಲು ಇಲಾಖೆಯ ಪುಟದಲ್ಲಿ ಇಸವಿ ನೋಡಿಕೊಂಡು ಪಟ್ಟಿಯಲ್ಲೇ ಹುಡುಕಿ.